ಅಕ್ಕನ ಬಾತುಗಳಿಗೆ ಕಟ್ಟಿದ ಹೊಂಡ

ನಮ್ಮ ಮನೆ ವಿಜಯಪುರದಲ್ಲಿ, ಸೊಲ್ಲಾಪುರ ರಸ್ತೆಯಿಂದ ಒಳಗೆ, ಎರಡನೆಯ ತಿರುವಿನಲ್ಲಿದೆ. ಹಿತ್ತಲು ದೊಡ್ಡದೇನಲ್ಲ. ಒಂದು ಕರಿಬೇವಿನ ಗಿಡ, ಒಂದು ಪೇರಲ ಗಿಡ, ಬಟ್ಟೆ ಒಗೆಯುವ ಕಲ್ಲು, ಅದರಾಚೆ ಒಂದಿಷ್ಟು ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಈಗ ಒಂದು ಗೂಡು, ಒಂದು ಹೊಂಡ ಇವೆ. ನನ್ನ ನೌಕರಿಯಲ್ಲಿ ನಾನು ನಿಂತು ಕಟ್ಟಿಸಿದ ಶಾಲೆಯ ಕೋಣೆಗಳು, ಕಚೇರಿಗಳು, ಕಂಪೌಂಡ್ ಗೋಡೆಗಳು ಎಷ್ಟೋ ಇವೆ. ಅವುಗಳಲ್ಲಿ ಒಂದನ್ನೂ ನಾನು ನೆನೆಸಿಕೊಳ್ಳುವುದಿಲ್ಲ. ಈ ಹೊಂಡವನ್ನು ಮಾತ್ರ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ನೋಡಬೇಕಾಗಿದೆ.

ನಾನು ಸರ್ಕಾರಿ ಕಟ್ಟಡಗಳ ಕೆಲಸ ನೋಡಿಕೊಳ್ಳುವ ಎಂಜಿನಿಯರ್. ಗುತ್ತಿಗೆದಾರರ ಬಾಯಲ್ಲಿ ನನ್ನ ಬಗ್ಗೆ ಒಳ್ಳೆಯ ಮಾತು ಬರುವುದು ಕಡಿಮೆ. ಸಿಮೆಂಟಿನ ಕೆಲಸ ಮುಗಿದ ಮೇಲೆ ಇಪ್ಪತ್ತೊಂದು ದಿನ ಕ್ಯೂರಿಂಗ್ ಆಗಲೇಬೇಕು, ಅಂದರೆ ನೀರು ಕುಡಿದು ಗಟ್ಟಿಯಾಗಬೇಕು, ಇಲ್ಲದಿದ್ದರೆ ನಾನು ಸಹಿ ಹಾಕುವವನಲ್ಲ. ಇಪ್ಪತ್ತನೆಯ ದಿನ ಬಂದು ಹಲ್ಲು ಗಿಂಜಿದವರನ್ನು ನಾಳೆ ಬಾ ಎಂದು ವಾಪಸ್ ಕಳಿಸಿದ್ದೇನೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಒಂದು ಕಾಲಕ್ಕೆ ಇದ್ದದ್ದು ನಿಜ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ಐದು ವರ್ಷ. ಆಮೇಲೆ ನನಗೆ ಎರೆದು, ಉಣಿಸಿ, ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ಅವಳ ಮದುವೆಯ ಮಾತುಕತೆಗೆ ನಿಡೋಣಿಯಿಂದ ಬಂದವರ ಮುಂದೆ, ಹುಡುಗಿಯರು ಬಾಯಿ ಬಿಡದ ಆ ಹೊತ್ತಿನಲ್ಲಿ, ಅವಳು ಒಂದೇ ಮಾತು ಹೇಳಿದ್ದಳಂತೆ: "ನನ್ನ ತಮ್ಮನೂ ನನ್ನ ಕೂಡ ಬರ್ತಾನ್ರಿ." ಹಾಗೆ ನಾನು ಎಂಟನೆಯ ವಯಸ್ಸಿಗೆ ಅಕ್ಕನ ಹಿಂದೆಯೇ ನಿಡೋಣಿಗೆ ಹೋದೆ. ಮೆಟ್ರಿಕ್ ಮುಗಿಯುವವರೆಗೆ ಅವಳ ಗಂಡನ ಮನೆಯ ಜೋಳದ ರೊಟ್ಟಿ ತಿಂದು ಬೆಳೆದೆ. ಅವಳಿಗೆ ಮಕ್ಕಳಾಗಲಿಲ್ಲ. "ಒಂದು ಐತಲ್ಲ, ಸಾಕು" ಎಂದು ನನ್ನ ಕಡೆ ಕೈ ತೋರಿಸಿ ನಗುತ್ತಿದ್ದಳು.

ಅವಳ ಗಂಡ ತೀರಿಹೋದ ಎರಡು ವರ್ಷಕ್ಕೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ನಿಡೋಣಿಯಿಂದ ಬಬಲೇಶ್ವರಕ್ಕೆ ಬಂದು, ಅಲ್ಲಿಂದ ಬಸ್ ಹಿಡಿದು ವಿಜಯಪುರಕ್ಕೆ ಬಂದು ಹೋಗುವ ಶಕ್ತಿ ಅವಳಲ್ಲಿ ಇರಲಿಲ್ಲ. ನಾನು ಹೋಗಿ ಕರೆದುಕೊಂಡು ಬಂದೆ. ಡಾಕ್ಟರರು ಎಲ್ಲಕ್ಕಿಂತ ಕಟ್ಟುನಿಟ್ಟಾಗಿ ಹೇಳಿದ್ದು ನೀರಿನ ವಿಷಯ. ಚಹಾ, ಸಾರು ಎಲ್ಲ ಸೇರಿ ದಿನಕ್ಕೆ ಇಷ್ಟೇ ಎಂದು ಅಳತೆ. ಬೆಳಿಗ್ಗೆ ಒಂದು ಬಾಟಲಿಗೆ ಅಳೆದು ತುಂಬಿ ಅವಳ ತಲೆದಿಂಬಿನ ಹತ್ತಿರ ಇಡುವವನು ನಾನು. ಸಂಜೆ ಬಂದು ಬಾಟಲಿ ಎತ್ತಿ ನೋಡುವವನೂ ನಾನೇ. ಮಧ್ಯಾಹ್ನಕ್ಕೇ ಖಾಲಿಯಾಗಿದ್ದರೆ ನನಗೆ ಸಿಟ್ಟು ಬರುತ್ತಿತ್ತು. "ಹಿಂಗ ಮಾಡಿದ್ರ ನೀ ಉಳೀತಿ ಏನ?" ಎಂದು ಕೇಳಿಬಿಡುತ್ತಿದ್ದೆ. ಅವಳು ಒಣಗಿದ ತುಟಿಯ ಮೇಲೆ ಸೆರಗಿನ ತುದಿ ಒತ್ತಿಕೊಂಡು ಗೋಡೆ ನೋಡುತ್ತಿದ್ದಳು. ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ನನ್ನ ಹೆಂಡತಿಯ ತವರು ತಿಕೋಟಾ. ಅವಳ ಅಣ್ಣನದು ದ್ರಾಕ್ಷಿ ತೋಟ. ಆ ವರ್ಷ ದ್ರಾಕ್ಷಿ ಕೊಯ್ದು ಶೆಡ್ಡಿನಲ್ಲಿ ಒಣಹಾಕಿದ್ದ ಹೊತ್ತಿನಲ್ಲಿ, ಡಯಾಲಿಸಿಸ್ ಇಲ್ಲದ ಒಂದು ಭಾನುವಾರ, ಅಕ್ಕನನ್ನೂ ಕರೆದುಕೊಂಡು ಅಲ್ಲಿಗೆ ಹೋಗಿದ್ದೆವು. ತೋಟದ ನಡುವೆ ದೊಡ್ಡ ಕೃಷಿಹೊಂಡ. ಅದರಲ್ಲಿ ಹತ್ತು ಹನ್ನೆರಡು ಬಾತುಕೋಳಿಗಳು. ಅಕ್ಕ ದಂಡೆಯಲ್ಲಿ ಕುಳಿತವಳು ಊಟಕ್ಕೆ ಕರೆದರೂ ಏಳಲಿಲ್ಲ. ಬಾತುಗಳು ತಲೆ ಮುಳುಗಿಸಿ, ಬಾಲ ಮೇಲೆತ್ತಿ, ಮತ್ತೆ ಎದ್ದು ಮೈ ಕೊಡವುತ್ತಿದ್ದವು. ಹನಿಗಳು ಅವಳ ಮುಖದವರೆಗೂ ಸಿಡಿದವು. ಅವಳು ಒರೆಸಿಕೊಳ್ಳಲಿಲ್ಲ.

"ಏನ್ ನೋಡಾಕತ್ತಿ ಬೇ ಅಷ್ಟೊತ್ತಿನಿಂದ?" ಎಂದು ಕೇಳಿದೆ.

"ನನಗಂತೂ ಹೊಟ್ಟಿ ತುಂಬ ಕುಡ್ಯಾಕ ಇಲ್ಲ. ಅವು ಮುಳುಗೋದು ನೋಡಿದ್ರ ನನ್ನ ಬಾಯಾಗ ತಣ್ಣಗ ಆದಂಗ ಆಕ್ಕೇತಿ ತಮ್ಮಾ," ಎಂದಳು.

ಹೆಂಡತಿಯ ಅಣ್ಣ ಅಲ್ಲೇ ನಿಂತಿದ್ದ. ಆಗಷ್ಟೇ ಪುಕ್ಕ ಬಲಿಯುತ್ತಿದ್ದ, ಇನ್ನೂ ನೀರಿಗೆ ಬಿಡದ ನಾಲ್ಕು ಮರಿಗಳನ್ನು ಶೆಡ್ಡಿನಿಂದ ಹಿಡಿದು ತಂದು ಬುಟ್ಟಿಯಲ್ಲಿ ಹಾಕಿ ನಮ್ಮ ಕಾರಿನಲ್ಲಿಟ್ಟ. ದಾರಿಯುದ್ದಕ್ಕೂ ಅಕ್ಕ ಬುಟ್ಟಿಯ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದಳು. ಊರು ಮುಟ್ಟುವ ಮೊದಲೇ ನನ್ನ ತಲೆಯಲ್ಲಿ ಗೂಡಿನ ನಕ್ಷೆ ತಯಾರಾಗಿತ್ತು. ಅಕ್ಕನಿಗೆ ಕೊಡಲು ನನ್ನ ಹತ್ತಿರ ಬೇರೆ ಏನೂ ಉಳಿದಿರಲಿಲ್ಲ. ಇದೊಂದನ್ನು ಯಾರೂ ಹೆಸರಿಡದ ಹಾಗೆ ಮಾಡಿಕೊಡಬೇಕು ಅನ್ನಿಸಿತು.

ಗೂಡು ಮಾಡಲು ಜೋರಾಪುರ ಪೇಟೆಯ ಒಬ್ಬ ಬಡಗಿಯನ್ನು ಕರೆಸಿದೆ. ವಯಸ್ಸಾದ ಮುಸಲ್ಮಾನರು, ನಾವೆಲ್ಲ ಚಾಚಾ ಅನ್ನುತ್ತೇವೆ. ನಮ್ಮ ಮನೆಯ ಕಿಟಕಿ ಬಾಗಿಲುಗಳೆಲ್ಲ ಅವರ ಕೈಯವೇ. ನಾನು ಕಾಗದದ ಮೇಲೆ ಅಳತೆ ಹಾಕಿ ಕೊಟ್ಟೆ. ಕೋಳಿಗಳ ಹಾಗೆ ಬಾತು ಒಂದರ ಹಿಂದೊಂದು ಒಳಗೆ ಹೋಗುವುದಿಲ್ಲ, ಎಲ್ಲವೂ ಒಮ್ಮೆಲೇ ನುಗ್ಗುತ್ತವೆ, ಅದಕ್ಕೆ ಬಾಗಿಲು ಅಗಲ ಬೇಕು. ಕಾಲು ಜಾರದಂತೆ ಹಲಗೆಯ ಮೇಲೆ ಅಡ್ಡಪಟ್ಟಿ ಬೇಕು. ಬೆಕ್ಕು, ಮುಂಗುಸಿ ಬಾರದಂತೆ ಸುತ್ತಲೂ ಸಣ್ಣ ಕಣ್ಣಿನ ತಂತಿ ಜಾಳಿಗೆ. ನಮ್ಮ ಊರಿನ ಬಿಸಿಲಿಗೆ ಬರೀ ತಗಡು ಹಾಕಿದರೆ ಒಳಗೆ ಬೆಂದು ಹೋಗುತ್ತವೆ, ಅದಕ್ಕೆ ತಗಡಿನ ಮೇಲೆ ಜೋಳದ ಕಣಿಕೆಯ ಹೊದಿಕೆ. ಗಾಳಿಯಾಡಲು ಮೇಲೆ ಎರಡೂ ಕಡೆ ಕಿಂಡಿ. ಚಾಚಾ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಸಾಹೇಬ್ರ, ನಮ್ಮ ಮನ್ಯಾಗ ನಮಗ ಇಷ್ಟು ಗಾಳಿ ಬರಂಗಿಲ್ರಿ. ಮುಂದಿನ ಸಲ ಬತಕ್ ಆಗಿ ಹುಟ್ಟಿ ನಿಮ್ಮ ಮನಿಗೇ ಬರ್ತೇನಿ."

ಅಕ್ಕ ಹಿಂದಿನ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ತುಂಬ ದಿನಗಳ ಮೇಲೆ ಬಾಯಿ ತುಂಬ ನಕ್ಕಳು. "ಬರ್ರಿ ಚಾಚಾ, ನಾಕರ ಕೂಡ ಐದನೇದು," ಎಂದಳು. ನಾನು ಆ ನಗೆ ನೋಡಿ ಕಿಂಡಿಯ ಅಳತೆಯನ್ನು ಇನ್ನೂ ಎರಡು ಇಂಚು ಹೆಚ್ಚಿಸಿದೆ.

ಗೂಡು ನಾಲ್ಕು ದಿನಕ್ಕೆ ಮುಗಿಯಿತು. ಹೊಂಡವನ್ನು ಗೌಂಡಿಯ ಜೊತೆ ನಾನೇ ನಿಂತು ಕಟ್ಟಿಸಿದೆ. ಆರಡಿ ಉದ್ದ, ನಾಲ್ಕಡಿ ಅಗಲ, ಒಂದೂವರೆ ಅಡಿ ಆಳ. ಬಾತುಗಳು ನಡೆದೇ ಇಳಿಯಲೆಂದು ಒಂದು ಬದಿಗೆ ಇಳಿಜಾರು. ಕೊಳೆ ನೀರು ಬಿಡಲು ತಳದಲ್ಲಿ ಪೈಪು. ಪಕ್ಕದ ಮನೆಯ ಹೆಣ್ಣುಮಗಳು ಗೋಡೆಯ ಮೇಲಿಂದ ಇಣುಕಿ, "ನಮಗ ನಳದಾಗ ನೀರ ಬರವಲ್ದು, ಸಾಹೇಬ್ರು ಬಾತುಕೋಳಿ ಈಸಾಕ ಹೊಂಡ ಕಟ್ಟಾಕತ್ತಾರ," ಎಂದು ಯಾರಿಗೋ ಹೇಳುವಂತೆ ನನಗೇ ಹೇಳಿದಳು. ಬೋರಿನ ನೀರು ನನ್ನದು, ನಿಮ್ಮ ಗಂಟೇನು ಹೋಯಿತು ಎಂದು ನಾನೂ ಗೋಡೆಗೆ ಕೇಳಿಸುವಂತೆ ಅಂದೆ.

ಗಿಲಾಯಿ, ಅಂದರೆ ಒಳಗಿನ ಸಿಮೆಂಟ್ ಬಳಿತ, ಮುಗಿದ ಮರುದಿನ ಹೊಂಡಕ್ಕೆ ನೀರು ತುಂಬಿಸಿದೆವು. ಅಕ್ಕ ಅಂದೇ ಬಾತುಗಳನ್ನು ಬಿಡುತ್ತೇವೆಂದು ತಿಳಿದಿದ್ದಳು. ಹಸಿ ಸಿಮೆಂಟಿನ ನೀರು ಸುಣ್ಣದ ನೀರಿನ ಹಾಗೆ, ಅವುಗಳ ಕಾಲು, ಕಣ್ಣು ಸುಡುತ್ತದೆ, ಇಪ್ಪತ್ತೊಂದು ದಿನ ಆಗಲಿ, ನಡುವೆ ಎರಡು ಮೂರು ಸಲ ನೀರು ಬದಲಿಸಬೇಕು ಎಂದು ವಿವರಿಸಿದೆ. ಅವಳು ತಲೆಯಾಡಿಸಿದಳು. ಬಾತುಗಳಿಗೆ ಒಂದು ಪರಾತದಲ್ಲಿ ನೀರಿಟ್ಟೆವು. ನಾಲ್ಕೂ ಅದರಲ್ಲೇ ಕೊಕ್ಕು ಅದ್ದಿ, ಕೊರಳಿಗೆ ನೀರು ಹಾಕಿಕೊಂಡು, ಆಮೇಲೆ ತುಂಬಿದ ಹೊಂಡದ ಕಡೆ ಕೊರಳು ಚಾಚಿ ನೋಡುತ್ತಿದ್ದವು. ಅವು ಅತ್ತ ಹೋಗದಂತೆ ಹೊಂಡಕ್ಕೆ ಅಡ್ಡಲಾಗಿ ನಾನು ಹಲಗೆ ನಿಲ್ಲಿಸಿದ್ದೆ. ಹಲಗೆಯ ಈಚೆ ಬಾತುಗಳು, ಅವುಗಳ ಈಚೆ ಕುರ್ಚಿಯಲ್ಲಿ ಅಕ್ಕ.

ಹದಿಮೂರನೆಯ ದಿನ ಬೆಳಿಗ್ಗೆ ನಾನು ಆಫೀಸಿಗೆ ಹೊರಟಿದ್ದೆ. ಹಿಂದಿನ ದಿನ ಡಯಾಲಿಸಿಸ್ ಆಗಿ ಬಂದವಳು ಸೊರಗಿ ಕುಳಿತಿದ್ದಳು.

"ತಮ್ಮಾ, ಇವತ್ತ ಒಂದೀಟ ಬಿಡೋ ಅವನ್ನ. ಒಂದ ಸಲ ನೋಡ್ತೇನಿ."

"ಇನ್ನ ಎಂಟ ದಿನ ತಡಿ ಬೇ."

"ನೀರ ತಿಳಿ ಆಗೇತಿ ನೋಡು. ಒಂದ ಗಳಿಗಿ ಬಿಟ್ಟು ತಗದ್ರಾತು."

ನನಗೆ ತಡವಾಗಿತ್ತು. ಅವತ್ತು ಒಬ್ಬ ಗುತ್ತಿಗೆದಾರನ ಜೊತೆ ಇದೇ ಮಾತಿಗೆ ಜಗಳವಾಡುವುದಿತ್ತು. "ತಿಳಿ ಆದ್ರ ಸಿಮೆಂಟ್ ಪಕ್ಕಾ ಆತೇನು? ನಿನಗೇನ ಅಂಥಾ ಗಡಿಬಿಡಿ?" ಎಂದು ಕೂಗಿ ಗಾಡಿ ಏರಿದೆ.

ಅವಳಿಗೇನು ಗಡಿಬಿಡಿ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಆ ಮಾತು ಬಾಯಿಂದ ಬಂತು. ಆಮೇಲೆ ಆ ವಿಷಯವನ್ನು ಅವಳು ಎತ್ತಲೇ ಇಲ್ಲ. ಎಂಜಿನಿಯರ್ ತಮ್ಮನ ಮಾತು ಅರ್ಥವಾಗಿರಬೇಕು ಎಂದುಕೊಂಡೆ.

ಹದಿನೇಳನೆಯ ದಿನ ಡಯಾಲಿಸಿಸ್ ನಡೆದಿರುವಾಗಲೇ ಅವಳ ಬಿ.ಪಿ. ಇಳಿಯಿತು. ಎರಡು ದಿನ ಐಸಿಯುನಲ್ಲಿದ್ದಳು. ಅಷ್ಟೂ ಹೊತ್ತು ಹೊರಗಿನ ಬೆಂಚಿನ ಮೇಲೆ ಕುಳಿತು ನಾನು ಒಂದೇ ಲೆಕ್ಕ ಹಾಕುತ್ತಿದ್ದೆ. ಇನ್ನು ಮೂರು ದಿನ, ಇನ್ನು ಎರಡು ದಿನ, ಬಿಡುಗಡೆ ಮಾಡಿಸಿಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿ ಹಲಗೆ ತೆಗೆಯುತ್ತೇನೆ. ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಅಕ್ಕ ಹೋದಳು. ನಿಡೋಣಿಗೆ ಒಯ್ದು, ಹೊಲದಲ್ಲಿ ಅವಳ ಗಂಡನ ಪಕ್ಕ ಮಣ್ಣು ಮಾಡಿದೆವು. ಬಂದವರೆಲ್ಲ ತಮ್ಮ ಅಂದರೆ ಹೀಗಿರಬೇಕು, ಅಕ್ಕನನ್ನು ಕಣ್ಣಿನಲ್ಲಿ ಕಣ್ಣಿಟ್ಟು ನೋಡಿಕೊಂಡ ಎಂದು ನನ್ನ ಮುಂದೆಯೇ ಹೇಳಿದರು. ಯಾರ ಮುಖವನ್ನೂ ನೋಡಲು ನನ್ನಿಂದ ಆಗಲಿಲ್ಲ.

ದಿನಕರ್ಮ ಮುಗಿಸಿ ವಿಜಯಪುರಕ್ಕೆ ಬರುವ ಹೊತ್ತಿಗೆ ಇಪ್ಪತ್ತೊಂದನೆಯ ದಿನ ಯಾವಾಗಲೋ ಕಳೆದುಹೋಗಿತ್ತು. ಅಷ್ಟು ದಿನ ಬಾತುಗಳಿಗೆ ಕಾಳು ನೀರು ಹಾಕಿದವಳು ಆ ಪಕ್ಕದ ಮನೆಯ ಹೆಣ್ಣುಮಗಳೇ. ಮರುದಿನ ಬೆಳಿಗ್ಗೆ ಹೊಂಡದ ನೀರು ಬಿಟ್ಟು, ತಳ ಉಜ್ಜಿ, ಹೊಸ ನೀರು ತುಂಬಿಸಿದೆ. ಯಾಕೆ ಮಾಡುತ್ತಿದ್ದೇನೆಂದು ನನಗೇ ತಿಳಿಯುತ್ತಿರಲಿಲ್ಲ. ಹಲಗೆ ತೆಗೆದು, ಗೂಡಿನ ಬಾಗಿಲು ತೆರೆದೆ.

ಹೊಂಡಕ್ಕೆ ಇಳಿದೇ ಇರದ ಬಾತುಗಳು ಮೊದಲ ಸಲ ಹೆದರುತ್ತವೆ, ದಂಡೆಯಲ್ಲೇ ಸುತ್ತುತ್ತವೆ, ಒತ್ತಾಯ ಮಾಡಬೇಡ ಎಂದು ತಿಕೋಟಾದಿಂದ ಹೆಂಡತಿಯ ಅಣ್ಣ ಹೇಳಿ ಕಳಿಸಿದ್ದ. ನಾನು ದೂರ ನಿಂತೆ. ನಾಲ್ಕೂ ಒಮ್ಮೆಲೇ ಬಾಗಿಲಿನಿಂದ ನುಗ್ಗಿದವು. ಬಟ್ಟೆ ಒಗೆಯುವ ಕಲ್ಲನ್ನು ಬಳಸಿ, ಎಲ್ಲಿಯೂ ನಿಲ್ಲದೆ, ಇಳಿಜಾರು ಇರುವ ಬದಿಗೇ ಹೋಗಿ, ಸರಸರ ನೀರಿಗಿಳಿದು ತಲೆ ಮುಳುಗಿಸಿದವು.

"ಇವಕ್ಕ ಹೆಂಗ ಗೊತ್ತಾತು?" ಎಂದೆ. ಹಿಂದೆ ಹೆಂಡತಿ ನಿಂತಿದ್ದಳು. ತಿರುಗಿ ನೋಡಿದರೆ ಅಳುತ್ತಿದ್ದಳು.

ನಾನು ಕೂಗಿ ಹೋದ ಆ ದಿನ ಮಧ್ಯಾಹ್ನವೇ ಬಾತುಗಳನ್ನು ಒಂದು ಸಲ ಬಿಡೋಣ ಎಂದು ಅಕ್ಕ ಅವಳ ಕೈ ಹಿಡಿದು ಕೇಳಿದಳಂತೆ. ಇಬ್ಬರೂ ಸೇರಿ ಹಲಗೆ ಸರಿಸಿದರಂತೆ. ಮೊದಲು ಹೆದರಿ ದಂಡೆಯಲ್ಲಿ ಸುತ್ತಿದ ಬಾತುಗಳನ್ನು ಅಕ್ಕ ಒಂದೊಂದಾಗಿ ಕೈಯಲ್ಲಿ ಹಿಡಿದು ಇಳಿಜಾರಿನ ಮೇಲೆ ಬಿಟ್ಟಳಂತೆ. ಮೊಣಕಾಲವರೆಗೆ ಸೀರೆ ಎತ್ತಿಕೊಂಡು, ದಂಡೆಯಲ್ಲಿ ಕುಳಿತು, ಬಾತುಗಳು ಮೈ ಕೊಡವಿದಾಗ ಕಣ್ಣು ಮುಚ್ಚಿ ಮುಖ ಒಡ್ಡಿದಳಂತೆ. ನಾನು ಹೇಳಿದ್ದನ್ನು ಮರೆತಿರಲಿಲ್ಲ. ಸ್ವಲ್ಪ ಹೊತ್ತಿಗೇ ಎಲ್ಲವನ್ನೂ ಹೊರಗೆ ತೆಗೆಸಿ, "ಸುಡ್ತೈತಂತ, ಅಂವ ಹೇಳ್ಯಾನ," ಎಂದು ಬಕೆಟ್ಟಿನ ನೀರಿನಲ್ಲಿ ಒಂದೊಂದರ ಕಾಲು ತೊಳೆದು ತನ್ನ ಸೆರಗಿನಿಂದ ಒರೆಸಿದಳಂತೆ.

"ಹಂಗಾರ ನೋಡ್ಯಾಳ," ಎಂದೆ. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ನನಗ್ಯಾಕ ಹೇಳಲಿಲ್ಲ?"

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು. ಅವತ್ತು ನಾನು ದಿನಕ್ಕಿಂತ ಬೇಗ ಬಂದಿದ್ದೆ. ತಿರುವಿನಲ್ಲಿ ನನ್ನ ಗಾಡಿಯ ಸಪ್ಪಳ ಕೇಳಿದ್ದೇ ತಡ, ಗೋಡೆ ಹಿಡಿಯದೆ ನಡೆಯಲಾಗದ ಅಕ್ಕ ಒಮ್ಮೆಲೇ ಎದ್ದು, ಹಲಗೆಯನ್ನು ತಾನೇ ಎಳೆದು ನಿಲ್ಲಿಸಿ, ಒದ್ದೆಯಾದ ಪಡಸಾಲೆಯನ್ನು ಅರಿವೆಯಿಂದ ಒರೆಸತೊಡಗಿದಳಂತೆ. ನಾನು ಮಾಡ್ತೇನಿ ಬಿಡ್ರಿ ಅಂದರೂ ಕೇಳಲಿಲ್ಲವಂತೆ.

"ಅಂವಗ ಹೇಳಬ್ಯಾಡವಾ, ಬೈತಾನ, ಅಂದ್ರು."

ನನಗೆ ಎರೆದು, ಉಣಿಸಿ ಬೆಳೆಸಿದವಳು ನನ್ನ ಮನೆಯಲ್ಲಿ ನನಗೆ ಹೆದರಿ ನೆಲ ಒರೆಸಿದ್ದಳು. ನಾನು ಏನೋ ಹೇಳಲೆಂದು ಹೆಂಡತಿಯ ಕಡೆ ತಿರುಗಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಸಿಟ್ಟಾಗಬ್ಯಾಡ್ರಿ," ಎಂದಳು. "ಅಕ್ಕಾರಿಗಿ ಅವತ್ತ ಭಾಳ ಖುಷಿ ಆಗಿತ್ರಿ."