ಮೊದಲ ಸ್ವರಕ್ಕೆ ಬಾಗಿಲು ಹಾಕಿದ ಉಷಾಲತಾ

ಮಾಹೂಝ್‌ನ ನಮ್ಮ ಕಟ್ಟಡದಲ್ಲಿ, ನಮ್ಮ ಎದುರಿನ ಫ್ಲ್ಯಾಟಿನ ಉಷಾಲತಾ ಬಹರೇನಿಗೆ ಬಂದಾಗಿನಿಂದ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಾಳೆ. ಉಡುಪಿ ಕಡೆಯವಳು, ಗಟ್ಟಿ ದನಿಯವಳು. ಶ್ರುತಿ ತಪ್ಪಿದವರು ಸ್ವಂತ ಗಂಡನಾದರೂ ಬಿಡುವವಳಲ್ಲ. ಆದರೆ ಅವಳಿಗೊಂದು ಸಂಕಟವಿತ್ತು. ಇಲ್ಲಿನ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಅವಳ ಶಿಷ್ಯರದ್ದು ಯಾವಾಗಲೂ ಮೊದಲ ಹಾಡು. ಮೊದಲನೆಯದೆಂದರೆ ಮರ್ಯಾದೆಯದಲ್ಲ, ಜನ ಬಂದು ಸೇರುವವರೆಗೆ ಹೊತ್ತು ಕಳೆಯುವುದಕ್ಕೆ. ಮಕ್ಕಳು ಹಾಡುತ್ತಿದ್ದರೆ ಇತ್ತ ಕುರ್ಚಿ ಎಳೆಯುವ ಸದ್ದು, ಚಹಾದ ಲೋಟಗಳ ಸದ್ದು, "ಊರಿನಿಂದ ಯಾವಾಗ ಬಂದ್ರಿ" ಎಂಬ ಕುಶಲೋಪರಿ. ತಿಂಗಳುಗಟ್ಟಲೆ ಕಲಿತದ್ದು ಹೀಗೆ ನೀರುಪಾಲಾಗುವುದನ್ನು ಅವಳು ವರ್ಷ ವರ್ಷವೂ ಹಲ್ಲು ಕಚ್ಚಿ ನೋಡುತ್ತಿದ್ದಳು.

ಅಷ್ಟರಲ್ಲಿ ಯುರೋಪಿನ ಒಂದು ಹಳೆಯ ನಗರದ ಸಿಂಫನಿ ಆರ್ಕೆಸ್ಟ್ರಾ ರಾಜಧಾನಿ ಮನಾಮಾಕ್ಕೆ ಬಂತು. ನೂರಾರು ವರ್ಷಗಳ ಹೆಸರಿದ್ದ ತಂಡ, ಎರಡು ಸಂಜೆಗಳ ಕಛೇರಿ. ಉಷಾ ಎರಡಕ್ಕೂ ಟಿಕೆಟ್ ತೆಗೆಸಿದಳು. ಮೊದಲ ಸಂಜೆ ಅವಳು ಸೀರೆಯುಟ್ಟು ಬಾಗಿಲಲ್ಲಿ ನಿಂತು ಅವಸರ ಮಾಡಿದರೆ, ಗಂಡ ವಸಂತಕುಮಾರರು ನಿಧಾನವಾಗಿ ಬೂಟಿಗೆ ಪಾಲಿಶ್ ಹಾಕುತ್ತಿದ್ದರು.

"ಎಂತ ಗಡಿಬಿಡಿ ನಿಂದು? ಅತಿಥಿಗಳು ಬಂದು, ದೀಪ ಹಚ್ಚಿ, ಶಾಲು ಹೊದಿಸಿ, ಭಾಷಣ ಆಗುವಾಗ ಒಂದು ಗಂಟೆ ಆಗ್ತದೆ" ಎಂದರು.

ಸಂಘದ ಕಾರ್ಯಕ್ರಮಗಳನ್ನೇ ಉಂಡು ಬೆಳೆದ ನಮಗೆ ಅದು ನ್ಯಾಯವಾದ ಲೆಕ್ಕ. ಅವಳೂ ಒಪ್ಪಿದಳು. ಇಬ್ಬರೂ ರಾಜಗಾಂಭೀರ್ಯದಿಂದ ಥಿಯೇಟರಿಗೆ ಹೋದಾಗ ಬಾಗಿಲು ಹಾಕಿತ್ತು. ಅಲ್ಲಿ ದೀಪವೂ ಇಲ್ಲ, ಶಾಲೂ ಇಲ್ಲ, ಹೇಳಿದ ಗಳಿಗೆಗೆ ಸಂಗೀತ ಶುರು. ಬಾಗಿಲ ಬಳಿಯಿದ್ದ ಜೋಸೆಫಿನ್ ಎಂಬ ಹುಡುಗಿಯನ್ನು ಉಷಾ ಇಂಗ್ಲಿಷಿನಲ್ಲಿ ಬೇಡಿದಳು, ಹಿಂದಿಯಲ್ಲಿ ಗದರಿದಳು. ಮೊದಲ ಕೃತಿ ಮುಗಿಯದೆ ತೆಗೆಯುವಂತಿಲ್ಲ ಎಂದು ಆಕೆ ನಗುತ್ತಲೇ ಹೇಳಿ, ಕುಡಿಯಲು ನೀರು ತಂದುಕೊಟ್ಟಳಂತೆ. ಆ ನೀರಿನಿಂದ ಉಷಾಳ ಸಿಟ್ಟು ಇನ್ನೂ ಏರಿತು.

ಮರುದಿನ ಗಂಡನನ್ನು ಮಧ್ಯಾಹ್ನವೇ ಹೊರಡಿಸಿದಳು. ಆ ದಿನ ನನ್ನನ್ನೂ ಎಳೆದುಕೊಂಡು ಹೋದಳು. ವೇದಿಕೆಯ ಮೇಲೆ ಒಬ್ಬಾಕೆ ಓಬೋ ಎಂಬ ವಾದ್ಯ ಊದಿ ಒಂದೇ ಸ್ವರ ಹಿಡಿದಳು. ಉಳಿದವರೆಲ್ಲ ತಮ್ಮ ವಾದ್ಯಗಳನ್ನು ಆ ಸ್ವರಕ್ಕೆ ಕೂಡಿಸಿಕೊಂಡರು. ನಮ್ಮ ತಂಬೂರಿಯದೇ ಕೆಲಸ. ಆಮೇಲೆ ನಿರ್ದೇಶಕರು ಬಂದು ಕೋಲು ಎತ್ತಿದರು. ಅಷ್ಟು ದೊಡ್ಡ ಸಭೆಯಲ್ಲಿ ಕೆಮ್ಮು ಸಹ ಇಲ್ಲ. ಉಷಾ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನನ್ನ ಬಳೆ ಒತ್ತಿ ನೋವಾಯಿತು. ಸಂಗೀತ ನನಗೆ ಅರ್ಥವಾಯಿತೆಂದು ಹೇಳಿದರೆ ಸುಳ್ಳಾದೀತು. ಅವಳಂತೂ ತೊಡೆಯ ಮೇಲೆ ತಾಳ ಹಾಕಲು ನೋಡಿ, ಆ ನಿರ್ದೇಶಕರು ವೇಗ ಬದಲಿಸಿದಾಗಲೆಲ್ಲ ತಪ್ಪಿ, ಕೊನೆಗೆ ಕೈಕಟ್ಟಿ ಕುಳಿತಳು.

ಮನೆಗೆ ಬರುವಾಗ ಕಾರಿನೊಳಗೆ ಅವಳು ಹೇಳಿದಳು: "ಶುರು ಆಗುವ ಮೊದಲು ಹೇಗೆ ಕಾದ್ರು ನೋಡಿದೆಯಾ ರಾಜೀವಿ? ನನ್ನ ಮಕ್ಕಳಿಗೆ ಒಂದು ಸಲವಾದ್ರೂ ಜನ ಹಾಗೆ ಕಾಯ್ಬೇಕು ಮಾರಾಯ್ತಿ."

ಆ ತಂಡ ಮತ್ತೆ ಬಂದಾಗಲೆಲ್ಲ ಅವಳು ಹೋದಳು. ಮೂರನೆಯ ವರ್ಷ ಸಂಘದ ಸಭೆಯಲ್ಲಿ ಎದ್ದು ನಿಂತು, ಈ ಸಲ ಮಕ್ಕಳ ಹಾಡು ಐದೂವರೆಗೆ ಶುರು, ಆಗ ಬಾಗಿಲು ಹಾಕುತ್ತೇವೆ, ಹಾಡು ಮುಗಿದ ಮೇಲೆ ತೆಗೆಯುತ್ತೇವೆ ಎಂದಳು. ಒಪ್ಪದಿದ್ದರೆ ಮಕ್ಕಳು ಹಾಡುವುದೇ ಇಲ್ಲ. ಅಧ್ಯಕ್ಷ ಸುಧೀಂದ್ರರು ನಗುತ್ತಾ ಆಗಲಿ ಎಂದರು. ಉಷಾ ಹೇಳಿದ್ದನ್ನು ಮಾಡುವವಳು ಎಂಬುದು ಅವರಿಗೆ ಗೊತ್ತಿರಲಿಲ್ಲ. ವಾಟ್ಸಾಪಿನಲ್ಲಿ ಮತ್ತೆ ಮತ್ತೆ ತಿಳಿಸಿದರೂ ಜನ ಹೆಬ್ಬೆರಳಿನ ಗುರುತು ಹಾಕಿ ಮರೆತರು.

ಈಸಾ ಟೌನಿನ ಶಾಲೆಯೊಂದರ ಸಭಾಂಗಣ. ಐದೂವರೆಗೆ ಅರ್ಧ ಕುರ್ಚಿಗಳು ಖಾಲಿ. ಬಾಗಿಲಿಗೆ ವಸಂತಕುಮಾರರನ್ನೇ ನಿಲ್ಲಿಸಿದ್ದಳು. ಅವರ ಗಾತ್ರಕ್ಕೆ ಚಿಲಕವೇ ಬೇಡ. ಆದರೂ ಬಾಗಿಲು ಹಾಕಿ ಚಿಲಕ ಸೇರಿಸಿದ ಕೂಡಲೇ ಅವರು ಬೆವರುತ್ತಾ ವೇದಿಕೆಯ ಪಕ್ಕಕ್ಕೆ ಬಂದರು. ಹೊರಗೆ ಸುಧೀಂದ್ರರು ಮುಖ್ಯ ಅತಿಥಿಗಳ ಜೊತೆ ನಿಂತಿದ್ದಾರಂತೆ. ಅದಕ್ಕಿಂತ ಕಷ್ಟದ ಸಂಗತಿ, ತನ್ವಿಯ ಅಪ್ಪ ಶೈಲೇಶ್ ಕೂಡ ಹೊರಗೇ ಉಳಿದಿದ್ದರು. ಆ ದಿನ ಹಾಡಿನ ಮೊದಲ ಸಾಲನ್ನು ಹತ್ತು ವರ್ಷದ ತನ್ವಿ ಒಬ್ಬಳೇ ಹಾಡುವುದಿತ್ತು. ಅವಳು ಅಮ್ಮನ ಜೊತೆ ಬೇಗ ಬಂದಿದ್ದಳು, ಅಪ್ಪ ಬ್ಯಾಂಕಿನಿಂದ ಮನೆಗೆ ಹೋಗಿ, ಆರಾಮವಾಗಿ ಚಹಾ ಕುಡಿದು ಹೊರಟಿದ್ದರು.

ಉಷಾ ತನ್ವಿಯ ಕಡೆ ನೋಡಿದಳು. ಹುಡುಗಿ ಬಾಗಿಲನ್ನೇ ನೋಡುತ್ತಿತ್ತು. ಪಕ್ಕದಲ್ಲಿದ್ದ ನಾನು ತೆಗೆದುಬಿಡೇ ಎಂದು ಬಾಯಿಬಿಟ್ಟೇ ಹೇಳಿದೆ. ಉಷಾಳ ಮುಖ ಕಪ್ಪಿಟ್ಟಿತು. ಆದರೂ ಆಗದು ಎಂದು ತಲೆಯಾಡಿಸಿ ಶ್ರುತಿಪೆಟ್ಟಿಗೆ ಹಾಕಿದಳು.

ಒಳಗಿದ್ದವರು ಕಾದರು. ಯಾರೂ ಎದ್ದು ಓಡಾಡಲಿಲ್ಲ, ಮಾತಾಡಲಿಲ್ಲ. ತನ್ವಿಯ ಮೊದಲ ಸ್ವರ ಸ್ವಲ್ಪ ನಡುಗಿತು, ಎರಡನೆಯದು ಸ್ಥಿರವಾಗಿ ನಿಂತಿತು. ಆಮೇಲೆ ಉಳಿದ ಮಕ್ಕಳು ಸೇರಿಕೊಂಡರು. ಆ ಮಕ್ಕಳು ಅಷ್ಟು ಚೆನ್ನಾಗಿ ಹಾಡುತ್ತಾರೆಂದು ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ.

ಬಾಗಿಲು ತೆಗೆದಾಗ ಸುಧೀಂದ್ರರು ಹುಳ್ಳಗೆ ನಗುತ್ತಾ ಒಳಗೆ ಬಂದರು. ಶೈಲೇಶ್ ಮಾತ್ರ ಸೀದಾ ವೇದಿಕೆಯ ಹತ್ತಿರ ಬಂದು, "ಉಷಕ್ಕ, ಒಂದೇ ಒಂದು ಸಲ ಮತ್ತೆ ಹಾಡಿಸಿ. ನಾನು ಕೇಳ್ಲಿಲ್ಲ" ಎಂದರು. ಸುಧೀಂದ್ರರೂ ದೊಡ್ಡ ಮನಸ್ಸು ಮಾಡಿ ಆಗಬಹುದು ಎಂದರು. ಉಷಾ ತನ್ವಿಯತ್ತ ತಿರುಗಿದಳು.

"ನೋ ಡ್ಯಾಡಿ" ಎಂದಳು ತನ್ವಿ. "ಇವತ್ತು ಒಳಗಿದ್ದವ್ರೆಲ್ಲ ಗಲಾಟೆ ಮಾಡದೆ ಕೇಳಿದ್ರು. ನೀವು ನೆಕ್ಸ್ಟ್ ಇಯರ್ ಬೇಗ ಬನ್ನಿ."

ಶೈಲೇಶ್ ಮಗಳ ತಲೆ ಸವರಿ, ಮುಂದಿನ ಸಾಲಿನಲ್ಲಿ ಕುಳಿತು, ಆಮೇಲೆ ಹಾಡಿದ ಬೇರೆಯವರ ಮಕ್ಕಳನ್ನೆಲ್ಲ ಕೊನೆಯವರೆಗೂ ಕೇಳಿದರು.