ಕಿವಿಯಿಂದ ಆರಿಸಿದ ರಾಕೆಟ್

ಬ್ಯಾಡ್ಮಿಂಟನ್ ರಾಕೆಟ್ಟಿಗೂ ಮನುಷ್ಯರಂತೆ ಒಂದೊಂದು ಸ್ವಭಾವ ಇರುತ್ತದೆ ಎಂದು ನನಗೆ ಕಲಿಸಿದವಳು ಶೇವಂತೆವ್ವ. ತಮಾಷೆಯೆಂದರೆ, ನಮ್ಮ ಮೂರು ರಾಕೆಟ್ಟುಗಳಲ್ಲಿ ಒಂದನ್ನು ಬಿಟ್ಟರೆ ಉಳಿದವನ್ನು ಅವಳು ಕೈಯಲ್ಲಿ ಹಿಡಿದೇ ಇರಲಿಲ್ಲ. ಅವಳೀಗ ಹಳೇ ಹುಬ್ಬಳ್ಳಿಯ ಒಂದು ಶಾಲೆಯ ಮುಖ್ಯ ಶಿಕ್ಷಕಿ. ಗಣಿತವನ್ನು ಕಥೆ ಹೇಳಿದ ಹಾಗೆ ಹೇಳುತ್ತಾಳೆ ಎಂದು ಊರೆಲ್ಲ ಹೊಗಳುತ್ತದೆ. ಹೊಗಳಲಿ. ನಾನು ಹೇಳಹೊರಟಿರುವುದು ಅವಳ ಆಟದ ಸಂಗತಿ. ಅದರಲ್ಲಿ ನನ್ನ ಪಾಲೂ ಇದೆ, ಅದು ಹೇಳಿಕೊಂಡು ತಿರುಗುವಂಥದ್ದಲ್ಲ. ಎಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ, ಅದಕ್ಕೇ ಹೇಳುತ್ತೇನೆ.

ಧಾರವಾಡದ ನಮ್ಮ ಹೆಣ್ಣುಮಕ್ಕಳ ಶಾಲೆಯ ಹಿಂದೆ ಕೆಂಪು ಮಣ್ಣಿನ ಒಂದು ಬ್ಯಾಡ್ಮಿಂಟನ್ ಕೋರ್ಟು ಇತ್ತು. ಬಯಲಿನಲ್ಲಿ ಶಟಲ್ ಆಡಬೇಕಾದರೆ ಗಾಳಿ ಏಳುವುದಕ್ಕೆ ಮೊದಲೇ ಆಡಿ ಮುಗಿಸಬೇಕು. ಹಾಗಾಗಿ ನಾವು ನಾಲ್ವರು ಶಿಕ್ಷಕಿಯರು ಬೆಳಗಿನ ಆರೂವರೆಗೆಲ್ಲ ಸೆರಗು ಸೊಂಟಕ್ಕೆ ಸಿಗಿಸಿ ನಿಂತಿರುತ್ತಿದ್ದೆವು. ಚಳಿಗಾಲದಲ್ಲಿ ಎದುರಿನವರ ಮುಖ ಕಾಣದಷ್ಟು ಮಂಜು, ಬಳೆಯ ಸದ್ದು ಮಾತ್ರ ಕೇಳುತ್ತಿತ್ತು. ಮೇಲಕ್ಕೆ ಹೊಡೆದ ಶಟಲ್ ಮಂಜಿನೊಳಗೆ ಹೋಗಿ ಮಾಯವಾಗುತ್ತಿತ್ತು. ಎಲ್ಲರೂ ಕತ್ತೆತ್ತಿ ಕಾಯುತ್ತಿದ್ದೆವು. ಇನ್ನು ಬರುವುದೇ ಇಲ್ಲವೇನೋ ಅನ್ನಿಸುವಾಗ ಅದು ಬೆಳ್ಳಗೆ, ಯಾವ ಅವಸರವೂ ಇಲ್ಲದೆ ಇಳಿದು ಬರುತ್ತಿತ್ತು. ಹಾಸಿಗೆ ಬಿಟ್ಟು ಬಂದಿದ್ದೇವೋ, ಹಾಸಿಗೆಯಲ್ಲೇ ಮಲಗಿ ಇದನ್ನೆಲ್ಲ ಕಾಣುತ್ತಿದ್ದೇವೋ ಎಂದು ನನಗೆ ಎಷ್ಟೋ ಸಲ ಗೊಂದಲವಾಗುತ್ತಿತ್ತು.

ನಾಲ್ವರಲ್ಲಿ ಹಿರಿಯರು ಹೆಡ್‌ಬಾಯಿ, ಎಂದರೆ ಮುಖ್ಯ ಶಿಕ್ಷಕಿ, ಅಂಬಾಬಾಯಿ. ಉರ್ದು ಕಲಿಸುವವಳು ದಾವಲಬಿ. ಕನ್ನಡ ಕಲಿಸುವವಳು ನಾನು. ನನ್ನನ್ನು ಇಂದುಬಾಯಿ ಎಂದು ಕರೆಯುತ್ತಿದ್ದರು. ೧೯೫೮ರ ಜೂನಿನಲ್ಲಿ ಗಣಿತಕ್ಕೆಂದು ಬಂದವಳು ಶೇವಂತೆವ್ವ. ಇಪ್ಪತ್ತಮೂರು ವರ್ಷದವಳು, ಮಾತು ಕಡಿಮೆ. ದಿನಾ ಹುಬ್ಬಳ್ಳಿಯಿಂದ ಮೊದಲ ರೈಲು ಬಂಡಿಗೆ ಬರುತ್ತಿದ್ದಳು. ಒಂದು ಸಲ ನಾನೂ ತವರಿನಿಂದ ಅದೇ ಬಂಡಿಯಲ್ಲಿ ಬಂದೆ. ಕಿಟಕಿಗೆ ತಲೆಯಾನಿಸಿ ಅವಳು ನಿದ್ದೆ ಹೋಗಿದ್ದಳು. ತೊಡೆಯ ಮೇಲಿದ್ದ ಬಲಗೈಯ ಮಣಿಕಟ್ಟು ಮಾತ್ರ ಮೆಲ್ಲಗೆ ತಿರುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತಿರುಗುತ್ತಿತ್ತು. ನಿದ್ದೆಯಲ್ಲೂ ಆಡುತ್ತಿದ್ದಳು, ಪುಣ್ಯಾತ್ಗಿತ್ತಿ!

ಅವಳ ಅಪ್ಪ ನೀಲಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಬಡಗಿ. ಅವಳು ಬರುವ ಹಿಂದಿನ ವರ್ಷವಷ್ಟೇ ಮನೆ ಮಂದಿಯೆಲ್ಲ ಬುದ್ಧಧರ್ಮ ತೆಗೆದುಕೊಂಡಿದ್ದರು. ಅದಕ್ಕೆ ಮೊದಲು ಅವರು ಯಾರಾಗಿದ್ದರು ಎಂಬುದನ್ನು ನಮ್ಮ ಶಾಲೆಯಲ್ಲಿ ಯಾರೂ ಜೋರಾಗಿ ಹೇಳಲಿಲ್ಲ, ಯಾರೂ ಮರೆಯಲೂ ಇಲ್ಲ. ಮಗಳಿಗೆ ಆಟದ ಹುಚ್ಚು ಎಂದು ನೀಲಪ್ಪ ಹಳೆಯ ರೈಲು ಡಬ್ಬಿಯಿಂದ ಬಿದ್ದ ಮರವನ್ನು ಕಾಸಿ ಬಗ್ಗಿಸಿ, ಮೇಣ ತಿಕ್ಕಿದ ದಾರ ಬಿಗಿದು ತಾನೇ ಒಂದು ರಾಕೆಟ್ ಮಾಡಿಕೊಟ್ಟಿದ್ದ. ನೋಡಲು ಚೆಂದ, ಎತ್ತಲು ಒನಕೆ. ಅದರಲ್ಲೇ ಆಡಿ ಆಡಿ ಅವಳ ಹೊಡೆತಕ್ಕೆ ಎಲ್ಲಿಲ್ಲದ ಬಲ ಬಂದಿತ್ತು, ಭುಜಕ್ಕೆ ನೋವೂ ಬಂದಿತ್ತು. ಆಟ ಮುಗಿದ ಮೇಲೆ ಬಲಗೈಯನ್ನು ಎಡಗೈಯಲ್ಲಿ ಎತ್ತಿ ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದಳು. ಹಗುರದ ರಾಕೆಟ್ ಹಿಡಿಯದಿದ್ದರೆ ಆಟವನ್ನೇ ಬಿಡಬೇಕಾಗುತ್ತದೆ ಎಂದು ರೈಲ್ವೆ ದವಾಖಾನೆಯ ಡಾಕ್ಟರು ಹೇಳಿದ್ದರು.

ನಮ್ಮ ಕೋರ್ಟಿನಲ್ಲಿ ಒಂದು ಪದ್ಧತಿ ಇತ್ತು. ಒಂದು ಆಟ ಮುಗಿದೊಡನೆ ಬಲೆಯ ಮೇಲಿಂದ ರಾಕೆಟ್ಟುಗಳನ್ನು ಅದಲುಬದಲು ಮಾಡಿಕೊಂಡು ಎರಡೆರಡು ಏಟು ಹೊಡೆಯುವುದು. ಶುರು ಮಾಡಿದವರು ಅಂಬಾಬಾಯಿ. "ಮಂದೀ ರಾಕೆಟ್ ಹಿಡದ್ರ ಮಂದೀ ತ್ರಾಸ ತಿಳೀತದ" ಎಂದು ಅವರು ಹೇಳುತ್ತಿದ್ದರು. ಹೀಗಾಗಿ ಯಾರ ರಾಕೆಟ್ಟಿನ ತೂಕ ಎಲ್ಲಿದೆ, ಯಾರ ತಂತಿ ಸಡಿಲಾಗಿದೆ ಎಂಬುದು ಎಲ್ಲರಿಗೂ ತಿಳಿದಿರುತ್ತಿತ್ತು.

ಮೊದಲ ದಿನ ಆಟ ಮುಗಿದಾಗ ಶೇವಂತೆವ್ವ ತನ್ನ ರಾಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಬಲೆಯ ಮೇಲಿಂದ ಚಾಚಿದಳು. ಅಂಬಾಬಾಯಿಯವರಿಗೆ ಅದೇ ಹೊತ್ತಿಗೆ ಕನ್ನಡಕ ಒರೆಸುವ ಕೆಲಸ ಬಿತ್ತು. ನನ್ನ ಜಡೆ ಬಿಚ್ಚಿರಲಿಲ್ಲ, ಆದರೂ ಕಟ್ಟಿಕೊಳ್ಳುತ್ತ ನಿಂತೆ. ದಾವಲಬಿ ಒಬ್ಬಳೇ ಮುಂದೆ ಬಂದು, "ಕೊಡ್ರೀ ಇಲ್ಲಿ, ಅಯ್ಯ, ಏನ್ ಭಾರ ರೀ ಇದು!" ಎಂದು ನಗುತ್ತ ತೆಗೆದುಕೊಂಡು ತನ್ನದನ್ನು ಕೊಟ್ಟಳು. ಮರುದಿನದಿಂದ ಪದ್ಧತಿ ತನ್ನಷ್ಟಕ್ಕೆ ಬದಲಾಯಿತು. ಶೇವಂತೆವ್ವ ಆಡಿದ ಆಟದ ಕೊನೆಯಲ್ಲಿ ಗಂಟೆ ಬೇಗ ಆಗಿಬಿಡುತ್ತಿತ್ತು, ಅದಲುಬದಲಿಗೆ ಹೊತ್ತೇ ಇರುತ್ತಿರಲಿಲ್ಲ. ನಮ್ಮ ರಾಕೆಟ್ಟಿನ ತಂತಿ ಕುರಿಯ ಕರುಳಿನದು ಎಂದು ನನ್ನ ಅತ್ತೆ ಅದನ್ನು ಒಳಗೆ ತರಗೊಡದೆ ಪಡಸಾಲೆಯ ಹೊರಗೆ ಗೂಟಕ್ಕೆ ತೂಗಹಾಕಿಸುತ್ತಿದ್ದರು. ಅತ್ತೆಯ ಮಡಿಯನ್ನು ಆಡಿಕೊಂಡು ನಗುತ್ತಿದ್ದ ನಾನು ಕರುಳನ್ನು ಮುಟ್ಟಬಲ್ಲವಳಾಗಿದ್ದೆ, ಒಬ್ಬ ಹುಡುಗಿ ಹಿಡಿದ ಮರದ ಹಿಡಿಯನ್ನು ಮುಟ್ಟಲಾರದವಳಾಗಿದ್ದೆ. ಬುದ್ಧಿವಂತೆ ಎಂದು ಹೆಸರು ಬೇರೆ!

ಶಾಲೆಯಿಂದ ವರ್ಷಕ್ಕೊಬ್ಬ ಶಿಕ್ಷಕಿಗೆ ಪಾಳಿಯಂತೆ ಒಂದು ಹೊಸ ರಾಕೆಟ್ ಸಿಗುತ್ತಿತ್ತು. ಪುಣೆಯ ಅಂಗಡಿಯಿಂದ ಚಿತ್ರಗಳಿದ್ದ ಪಟ್ಟಿ ಬರುತ್ತಿತ್ತು. ಅದರಲ್ಲಿ ತಮಗೆ ಬೇಕಾದುದನ್ನು ಹೇಳಿದರೆ ಅಂಬಾಬಾಯಿ ಕಾಗದ ಬರೆಯುತ್ತಿದ್ದರು. ತಂತಿ ಹಾಕಿದ ರಾಕೆಟ್ಟನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುತ್ತಿರಲಿಲ್ಲ. ಒಮ್ಮೆ ತಪ್ಪಿದರೆ ಮತ್ತೆ ನಾಲ್ಕು ವರ್ಷ ಕಾಯಬೇಕು. ೧೯೬೧ರಲ್ಲಿ ಶೇವಂತೆವ್ವನ ಪಾಳಿ ಬಂತು. ನಮ್ಮ ಮೂವರ ರಾಕೆಟ್ಟುಗಳ ಮಾದರಿಗಳೂ ಆ ಪಟ್ಟಿಯಲ್ಲಿದ್ದವು.

ಅವಳು ಆರಿಸಲು ಹಿಡಿದ ದಾರಿ ಬೇರೆಯೇ. ನಾವು ಇಬ್ಬಿಬ್ಬರೇ ಆಡುವಾಗ ಅವಳು ಬೇವಿನ ಮರದ ಕಟ್ಟೆಯ ಮೇಲೆ ಸೆರಗು ಹೊದ್ದು ಕುಳಿತು ಕಣ್ಣು ಮುಚ್ಚುತ್ತಿದ್ದಳು. ನಿದ್ದೆ ಹೋಗಿದ್ದಾಳೆ ಎಂದು ನಾವು ತಿಳಿದೆವು. ಆಮೇಲೆ ಒಮ್ಮೆಲೇ ಕಣ್ಣು ತೆರೆದು ಶಟಲ್ ಏರುವುದನ್ನು, ಇಳಿಯುವುದನ್ನು ನೋಡುತ್ತಿದ್ದಳು. ಮತ್ತೆ ಮುಚ್ಚುತ್ತಿದ್ದಳು. ಹೀಗೆ ಎರಡು ವಾರ ಕಳೆಯಿತು. ಮಂಜು ಕರಗಿ ಬಿಸಿಲು ಅವಳ ಮುಖದ ಮೇಲೆ ಬರುವವರೆಗೂ ಅವಳು ಅಲುಗುತ್ತಿರಲಿಲ್ಲ.

ಒಂದು ಸಂಜೆ ಇಬ್ಬರೂ ಸ್ಟೇಷನ್ನಿನ ಕಡೆ ನಡೆದಿದ್ದೆವು. ನನಗೆ ಅಲ್ಲಿ ಅಂಚೆಯ ಕೆಲಸವಿತ್ತು, ಅವಳಿಗೆ ಬಂಡಿ ಇತ್ತು. ಎಂದೂ ತಾನಾಗಿ ಮಾತು ತೆಗೆಯದವಳು ಅಂದು ತೆಗೆದಳು.

"ಇಂದುಬಾಯಾರ, ನಿಮ್ಮ ರಾಕೆಟ್ ನನ್ನ ಕಿವ್ಯಾಗ ಕುಂತಬಿಟ್ಟೈತಿ ನೋಡ್ರಿ."

"ಕಿವ್ಯಾಗ?"

"ಹೂಂ ರಿ. ದಾವಲಬಿ ಅವರದು ಹಿಡದ ನೋಡೇನಿ. ತೂಕ ನಡುವ ಐತಿ, ಆದ್ರ ಕೋಲು ಭಾಳ ಬಿರುಸು. ಹೊಡದದ್ದೆಲ್ಲಾ ಹೊಳ್ಳಿ ಮೊಣಕೈಗೆ ಬರ್ತೈತಿ. ಹೆಡ್‌ಬಾಯಾರದು ಥೊಪ್ ಅಂತೈತಿ, ತೋದ ಅರಬಿ ಒಗಿಯೂ ಕಲ್ಲಿಗೆ ಬಡದಂಗ. ಅಷ್ಟ ಜಡ ಸಪ್ಪಳ ಬರ್ಬೇಕಂದ್ರ ಅದು ಭಾರ ಇರಬೇಕು. ನಿಮ್ಮದು ಟಿಣ್ ಅಂತೈತಿ. ಬಲಿ ಹತ್ರ ನಿಮ್ಮ ಕೈ ಎಷ್ಟ್ ಲಗೂ ಹೊಳ್ಳತೈತಿ! ಕೈಯಾಗ ಏನೂ ಇಲ್ಲೇನೋ ಅನಸ್ತೈತಿ. ಎಲ್ಲಾದಕ್ಕಿಂತ ಹಗುರ ಅದ ಇರಬೇಕು, ಹೌದಲ್ರಿ?"

ಸತ್ಯ ಇದಕ್ಕೆ ಪೂರಾ ತಿರುವುಮುರುವು. ಅಂಬಾಬಾಯಿಯವರ ರಾಕೆಟ್ ಕೋಲೂ ಮರದ್ದೇ ಆದ ಹಳೇ ಮಾದರಿಯದು. ಹಿಡಿದರೆ ಬೀಸಣಿಗೆಯಷ್ಟು ಹಗುರ. ತಂತಿ ಸಡಿಲಾಗಿದ್ದರಿಂದ ಅದು ಥೊಪ್ ಎನ್ನುತ್ತಿತ್ತು, ಅಷ್ಟೇ. ನೂರು ಸಲ ಹಿಡಿದು ಆಡಿದವಳು ನಾನು, ನನಗೆ ಗೊತ್ತಿರದೆ ಯಾರಿಗೆ ಗೊತ್ತಿರಬೇಕು? ನನ್ನದು ಉಕ್ಕಿನ ಕೋಲಿನದು. ನನ್ನ ಯಜಮಾನರು ಬಾಳಕೃಷ್ಣರಾಯರು ತಮ್ಮ ಅಂದಾಜಿನಲ್ಲಿ ಗಂಡಸರ ರಾಕೆಟ್ಟನ್ನು ಆರಿಸಿ, ತಂತಿಯನ್ನು ಹರಿಯುವಷ್ಟು ಬಿಗಿ ಮಾಡಿಸಿ ತಂದಿದ್ದರು. ಭಾರವೆಲ್ಲ ತಲೆಯಲ್ಲಿ. ಅದನ್ನು ತಿರುಗಿಸಲಾರದೆ ನಾನು ಹಿಡಿಯ ತುದಿಯನ್ನು ಬಿಟ್ಟು ನಾಲ್ಕು ಬೆರಳು ಮೇಲೆ ಹಿಡಿಯುತ್ತಿದ್ದೆ. ಹಾಗೆ ಹಿಡಿದರೆ ಎಂಥ ಭಾರದ್ದೂ ಬೇಗ ತಿರುಗುತ್ತದೆ. ದೂರಕ್ಕೆ ಮಾತ್ರ ಎಟುಕುವುದಿಲ್ಲ. ನಾಚಿಕೆಗೆಂದು ಕೆಳಗುಳಿದ ತುದಿಗೆ ಕರವಸ್ತ್ರ ಸುತ್ತಿರುತ್ತಿದ್ದೆ. ಕಟ್ಟೆಯ ಮೇಲೆ ಕುಳಿತವಳಿಗೆ ಅದು ಕಾಣುವಂತಿರಲಿಲ್ಲ. ಒಂದೇ ಒಂದು ಸಲ ಕೈಗೆ ತೆಗೆದುಕೊಂಡಿದ್ದರೆ ಕುರುಡಿಗೂ ತಿಳಿಯುತ್ತಿತ್ತು.

ಅವಳು ಹೇಳುತ್ತಲೇ ಇದ್ದಳು. "ಮೊನ್ನೆ ಕನಸಿನ್ಯಾಗ ಆಡಿದೆ ನೋಡ್ರಿ ನಿಮ್ಮ ರಾಕೆಟ್ಲೆ. ತೋಳಿಗೆ ಭಾರನ ಇಲ್ಲ. ಹೊಡದ ಶಟಲ್ ಮ್ಯಾಲ ಹೋತು, ಹೋತು, ಕೆಳಗ ಬರವಲ್ದು. ನಾ ಹಂಗ ಅದರ ಕೆಳಗ ನಿಂತೇನಿ. ಎಚ್ಚರಾದ ಮ್ಯಾಲ ಸುದ್ದಾ ಸ್ವಲ್ಪ ಹೊತ್ತು ಭುಜ ನೋಯ್ಲಿಲ್ರಿ." ಹೇಳುವಾಗ ಅವಳ ಮುಖ ನಿದ್ದೆಯಿಂದ ಎದ್ದ ಕೂಸಿನ ಮುಖದಂತಿತ್ತು. ಮೂರು ವರ್ಷದಲ್ಲಿ ಅವಳು ನನ್ನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು.

ನಾನೇನು ಅಂದೆ? "ಹೂಂ, ಛಲೋ ಅದ" ಎಂದೆ. ಅಷ್ಟೇ.

ಅಲ್ಲ, ಅದು ಭಾರ ಎಂದರೆ ಅವಳು ಸಹಜವಾಗಿ "ಹೌದೇನ್ರಿ? ಕೊಡ್ರಿ ನೋಡೋಣು" ಎಂದು ಕೈ ಚಾಚುವಳು. ಆಗ ನಾನು ಕೊಡಬೇಕು, ಇಲ್ಲವೆ ಕೊಡುವುದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಎರಡೂ ಬೇಡವಾಗಿತ್ತು. ಜೊತೆಗೆ, ಸುಳ್ಳೇಕೆ ಹೇಳಲಿ, ನನ್ನ ರಾಕೆಟ್ ಒಬ್ಬರ ಕನಸಿನಲ್ಲಿ ಬಂತು ಎಂಬುದು ಹಿತವಾಗಿತ್ತು. ಬಂಡಿ ಬಂತು, ಅವಳು ಹತ್ತಿದಳು, ಕಿಟಕಿಯಿಂದ ಕೈ ಬೀಸಿದಳು. ಮನೆಗೆ ಬಂದು ಊಟ ಮಾಡಿ ನೆಟ್ಟಗೆ ನಿದ್ದೆ ಮಾಡಿದೆ.

ಮರುದಿನ ಅಂಬಾಬಾಯಿ ಪುಣೆಗೆ ಕಾಗದ ಬರೆದರು. ಎರಡು ತಿಂಗಳಿಗೆ ಪಾರ್ಸಲ್ ಬಂತು. ಶೇವಂತೆವ್ವ ಆ ದಿನ ಹೊಸ ಸೀರೆ ಉಟ್ಟುಕೊಂಡು ಬಂದಿದ್ದಳು. ಕಾಗದ ಹರಿಯದಂತೆ ದಾರ ಬಿಚ್ಚಿದಳು. ಚೌಕಟ್ಟು ಸೊಟ್ಟಗಾಗದಂತೆ ಬಿಗಿದಿಡುವ ನಾಲ್ಕು ತಿರುಪಿನ ಮರದ ಪ್ರೆಸ್ಸಿನೊಳಗಿಂದ ರಾಕೆಟ್ಟನ್ನು ತೆಗೆದು, ತಂತಿಯನ್ನು ಉಗುರಿನಿಂದ ಮೀಟಿ ಕಿವಿಯ ಹತ್ತಿರ ಹಿಡಿದಳು. ಟಿಣ್ ಎಂದಿತು. ಅವಳು ನಕ್ಕಳು. ಅಷ್ಟು ದೊಡ್ಡದಾಗಿ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಹಿಡಿಯ ತುದಿಯಲ್ಲಿ ಹಿಡಿದು ಕೋರ್ಟಿನ ಹಿಂದಿನ ಗೆರೆಗೆ ಹೋಗಿ ನಿಂತಳು. ಅವಳ ಆಟವೇ ಅಲ್ಲಿಂದ, ಉದ್ದಕ್ಕೆ ತೋಳು ಚಾಚಿ ಹೊಡೆಯುವ ಆಟ. ದಾವಲಬಿ ಎತ್ತರಕ್ಕೆ ಒಂದು ಶಟಲ್ ಕೊಟ್ಟಳು. ಶೇವಂತೆವ್ವನ ತೋಳು ಮೇಲೆದ್ದಿತು, ರಾಕೆಟ್ಟಿನ ತಲೆ ಹಿಂದೆಯೇ ಉಳಿದು ತಡವಾಗಿ ಬಂತು. ಶಟಲ್ ಅವಳ ಕಾಲ ಬಳಿ ಬಿತ್ತು. ಎರಡನೆಯದೂ ಹಾಗೇ ಆಯಿತು. ಮೂರನೆಯದನ್ನು ಹೇಗೋ ಹೊಡೆದಳು. ಹೊಡೆದು ಎಡಗೈಯಿಂದ ಭುಜ ಹಿಡಿದುಕೊಂಡಳು. ಹೊಸದು, ಕೈಗೆ ಹತ್ತಬೇಕು ಎಂದು ಅಂಬಾಬಾಯಿ ಸಮಾಧಾನ ಹೇಳಿ ತರಗತಿಗೆ ಹೋದರು. ದಾವಲಬಿಯೂ ಹೋದಳು.

ಅವಳು ನನ್ನ ಬಳಿ ಬಂದಳು.

"ಇಂದುಬಾಯಾರ, ನೀವ ಎರಡು ಏಟು ಹೊಡದ ನೋಡ್ರಿ. ನಿಮ್ಮದರಂಥದ ತರಿಸೇನಿ, ನನ್ನ ಕೈಗೆ ಯಾಕೋ ಹೊಂದವಲ್ದು."

ರಾಕೆಟ್ಟನ್ನು ಚಾಚಿದಳು. ಈ ಸಲ ನಾನು ಜಡೆ ಕಟ್ಟಿಕೊಳ್ಳಲಿಲ್ಲ. ತೆಗೆದುಕೊಂಡೆ. ತೆಗೆದುಕೊಳ್ಳುವುದು ಎಷ್ಟು ಸುಲಭವಾಗಿತ್ತು! ಹೊಸ ಚರ್ಮದ ಹಿಡಿ, ಅವಳ ಅಂಗೈಯ ಬಿಸಿ ಇನ್ನೂ ಇತ್ತು. ಆದರೆ ನನ್ನ ಕೈ, ನಾನು ಹೇಳುವ ಮೊದಲೇ, ರೂಢಿಯಂತೆ ಜಾರಿ ತುದಿಯಿಂದ ನಾಲ್ಕು ಬೆರಳು ಮೇಲೆ ಹೋಗಿ ನಿಂತಿತು.

ಶೇವಂತೆವ್ವ ನನ್ನ ಕೈಯನ್ನೇ ನೋಡಿದಳು. ಗಣಿತದವಳು, ಲೆಕ್ಕ ಬಿಡಿಸಲು ಎಷ್ಟು ಹೊತ್ತು?

"ನೀವು ಅಲ್ಲಿ ಹಿಡೀತೀರೇನ್ರಿ?"

"ಹೂಂ."

"ಭಾರ ಅಂತ?"

"ಹೂಂ. ತಲೀ ಭಾರ ಅದ. ಹಗುರ ಇರೂದು ಅಂಬಾಬಾಯಾರದು."

ಕೆಳಗುಳಿದ ಹಿಡಿಯ ಉದ್ದವನ್ನು ಅವಳು ಬೆರಳಿನಿಂದ ಅಳೆದಳು. "ಅವತ್ತ ಸ್ಟೇಷನ್ ದಾರ್ಯಾಗ ನಾ ಹೇಳಿದಾಗ ನಿಮಗ ಇದು ಗೊತ್ತಿತ್ರಿ?"

"ಗೊತ್ತಿತ್ತು."

ಅವಳು ಬೈದಿದ್ದರೆ ನನಗೆ ಬದುಕಲು ಅನುಕೂಲವಾಗುತ್ತಿತ್ತು. ಅವಳು ಬೈಯಲಿಲ್ಲ. ನನ್ನ ಕೈಯಿಂದ ರಾಕೆಟ್ಟನ್ನು ಮೆಲ್ಲಗೆ ತೆಗೆದುಕೊಂಡು ಪ್ರೆಸ್ಸಿನೊಳಗಿಟ್ಟು ನಾಲ್ಕೂ ತಿರುಪು ಬಿಗಿದಳು. ಬಿಗಿಯುತ್ತ, ತಲೆ ಎತ್ತದೆ ಹೇಳಿದಳು:

"ನಾ ಏನ್ ಕೊಡ್ರಿ ಅಂತ ಕೇಳ್ತಿದ್ದಿಲ್ರಿ, ಬಾಯಾರ. ಹಗುರ ಅಲ್ಲ ಅಂತ ಬಾಯ್ಲೆ ಅಂದಿದ್ರ ಸಾಕಿತ್ತು."

ಅಂಬಾಬಾಯಿಯವರಿಗೆ ಹೇಳಿ ಅವರ ರಾಕೆಟ್ಟನ್ನೇ ಕೊಡಿಸುತ್ತೇನೆ ಎಂದೆ. "ಬ್ಯಾಡ್ರಿ, ಇದು ನಾನ ಆರಿಸಿದ್ದು" ಎಂದಳು. ಆರು ತಿಂಗಳು ಅದರಲ್ಲೇ ಆಡಿದಳು, ಹಿಡಿಯ ತುದಿಯಲ್ಲೇ ಹಿಡಿದು. ಮಳೆಗಾಲ ಮುಗಿದು ಕೋರ್ಟು ಒಣಗಿದ ಮೇಲೆ ಮತ್ತೆ ಬಲೆ ಕಟ್ಟಿದೆವು, ಮತ್ತೆ ಮಂಜು ಬಂತು, ಮೂವರೂ ಅವಳಿಗಾಗಿ ನಿಂತು ಕಾದೆವು. ಅಷ್ಟರಲ್ಲಿ ಶೇವಂತೆವ್ವ ಮೊದಲ ಬಂಡಿ ಬಿಟ್ಟು ಎರಡನೆಯದಕ್ಕೆ ಬರತೊಡಗಿದ್ದಳು. ಅದು ಗಾಳಿ ಎದ್ದು ನಮ್ಮ ಆಟ ಮುಗಿದ ಮೇಲೆ ಬರುವ ಬಂಡಿ.