ಸುಟ್ಟೆಲುಬಿನ ಗಡಿಗೆ

ನನಗಾಗ ನಲವತ್ತರ ಆಸುಪಾಸು. ಅದಾಗಿ ಮೂವತ್ತೈದು ವರ್ಷದ ಮೇಲಾಯಿತು. ದೆವ್ವ, ಶಕುನ ಎಂದವರನ್ನು ಮುಖದ ಮೇಲೆಯೇ ಬಯ್ಯುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಅಂತಲ್ಲ. ಆದದ್ದನ್ನು ಹೇಳುತ್ತೇನೆ, ನೀವೇ ನೋಡಿಕೊಳ್ಳಿ.

ಮಸ್ಕಿಯ ಗುಡ್ಡದ ಬುಡದಲ್ಲಿ ಸರ್ಕಾರದವರು ಹಳೇ ಕಾಲದ ಗೋರಿ ಅಗೆಸುತ್ತಿದ್ದರು. ನಾನು, ಗೆಳತಿ ಕಾಸಿಂಬಿ ಮಣ್ಣು ಹೊರುವ ಕೂಲಿಗೆ ಹೋಗುತ್ತಿದ್ದೆವು. ಅಲ್ಲಿ ಸಿಕ್ಕ ಎಲುಬೆಲ್ಲ ಸುಡದೆ ಹೂತವರವು. ಒಂದು ದಿನ ಮಾತ್ರ ಸುಟ್ಟೆಲುಬಿದ್ದ ಗಡಿಗೆ ಸಿಕ್ಕಿತು. ಅಗೆಸುವ ಸಾಹೇಬರು ಒಂದು ಚೂರು ತೋರಿಸಿದರು.

"ನೋಡಮ್ಮ, ಒಣಗಿದ ಎಲುಬು ಸುಟ್ಟರೆ ಹೀಗೆ ಬಾಗಿ ಬಿರಿಯೋದಿಲ್ಲ. ಸತ್ತ ಕೂಡಲೇ, ಮಾಂಸ ಇದ್ದಾಗಲೇ ಸುಟ್ಟಿದ್ದಾರೆ. ಹೆಣ್ಣು. ಈ ಸಣ್ಣವು ಹೊಟ್ಟೆಯಲ್ಲಿದ್ದ ಮಗುವಿನವಿರಬೇಕು."

ಸಣ್ಣವು ಎಂದರೆ ಬೆಂಕಿಕಡ್ಡಿಯಷ್ಟು. ನಮ್ಮವರಲ್ಲೂ ಸತ್ತವರನ್ನು ಹೂಳುತ್ತಾರೆ, ಬಸುರಿ ಸತ್ತರೆ ಮಾತ್ರ ಸುಡುತ್ತಾರೆ. ಚೊಚ್ಚಲ ಹೆರಿಗೆಗೆ ಬಂದ ನನ್ನ ಮಗಳು ಶರಣವ್ವ ದಿನ ತುಂಬಿ ಮನೆಯಲ್ಲಿದ್ದಳು.

ಗಡಿಗೆಯನ್ನು ನೆರಳಿಗೆ ಇಡು ಎಂದರು. ಎತ್ತಿದೆ. ಒಲೆಯಿಂದ ಆಗಷ್ಟೇ ಇಳಿಸಿದಂತೆ ಬಿಸಿ. ನೆಲದೊಳಗಿಂದ ಬಂದದ್ದು, ಬಿಸಿಲಿಗೆ ಕಾಯುವಷ್ಟು ಹೊತ್ತೂ ಆಗಿರಲಿಲ್ಲ. ಕಾಸಿಂಬಿಗೆ ಮುಟ್ಟಿ ನೋಡು ಎಂದೆ.

"ಎಲ್ಲೈತಿ ಬೇ ಬಿಸಿ? ಬಾವಿ ನೀರಿನಂಗ ತಣ್ಣಗೈತಿ. ಬಿಸಿಲಿಗೆ ನಿನ್ನ ತಲಿ ಕಾದೈತಿ," ಎಂದು ನಕ್ಕಳು.

ಸಂಜೆ ಮನೆಗೆ ಬಂದು ಕೈಕಾಲು ತೊಳೆದೆ. ಯಾರಿಗೂ ಏನೂ ಹೇಳಲಿಲ್ಲ. ಮಗಳ ಹೊಟ್ಟೆಯ ಮೇಲೆ ಕೈ ಇಟ್ಟೆ. ಅವಳು ಥಟ್ಟನೆ ತಳ್ಳಿದಳು.

"ತಗೀಬೇ ಯವ್ವಾ, ನಿನ್ನ ಕೈ ಸುಡಾಕತ್ತೈತಿ. ಒಲಿ ಮುಂದಿಂದ ಬಂದೀಯೇನು?"

ಒಲೆ ಇನ್ನೂ ಹಚ್ಚಿರಲಿಲ್ಲ. ಕೈ ಕೆನ್ನೆಗೆ ಹಿಡಿದೆ. ನನಗೆ ತಣ್ಣಗೇ ಇತ್ತು. ಮತ್ತೆ ತೊಳೆದೆ. ಹೆರಿಗೆ ಮನೆಯಲ್ಲೇ ಆಗಬೇಕೆಂದು ಹಟ ಹಿಡಿದವಳು ನಾನೇ. ದವಾಖಾನೆ ಎಂದವರಿಗೆ, "ನಾ ಏನು ದವಾಖಾನ್ಯಾಗ ಹಡದೀನೇನು?" ಎನ್ನುತ್ತಿದ್ದೆ.

ಮಗಳೂ ಮೊಮ್ಮಗನೂ ಇವತ್ತಿಗೂ ಗಟ್ಟಿಯಾಗಿದ್ದಾರೆ. ಮನೆಯಲ್ಲಿ ಹಡೆದಿದ್ದರೂ ಇರುತ್ತಿದ್ದರೋ ಏನೋ. ಆ ಬಿಸಿ ಎಲ್ಲಿಂದ ಬಂತು, ಯಾಕೆ ಬಂತು, ನನಗೆ ತಿಳಿದಿಲ್ಲ. ಗಡಿಗೆ ಮುಟ್ಟಿದ ಮರುದಿನ ಬೆಳಿಗ್ಗೆ ಸೂಲಗಿತ್ತಿಗೆ ಬರಬೇಡ ಎಂದು ಹೇಳಿ ಕಳಿಸಿದೆ. ಕೂಲಿ ಬಿಟ್ಟು ಮಗಳನ್ನು ಲಿಂಗಸುಗೂರಿನ ದವಾಖಾನೆಗೆಂದು ಬಸ್ಸಿಗೆ ಹತ್ತಿಸಿದೆ. ದಾರಿಯುದ್ದಕ್ಕೂ ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದೆ, ಅವಳಿಗೆ ತಾಗದಂತೆ.